ಕೋವಿಡ್-19 ಅವಧಿಯ ಉಚಿತ ಅಡುಗೆ ಅನಿಲ ನೆರವು ಹಾಗೂ ತದನಂತರದ ಸಹಾಯಧನ: ಉಜ್ವಲ ಫಲಾನುಭವಿಗಳು ಮತ್ತು ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

2020ನೇ ಸಾಲಿನಲ್ಲಿ ಕೋವಿಡ್-19 ಸಾಂಕ್ರಾಮಿಕ ರೋಗದ ನಿಮಿತ್ತ ದೇಶಾದ್ಯಂತ ಲಾಕ್‌ಡೌನ್ ಜಾರಿಗೊಂಡಿದ್ದ ಸಂದರ್ಭದಲ್ಲಿ, ಪ್ರಧಾನ ಮಂತ್ರಿ ಉಜ್ವಲ ಯೋಜನೆಯ ಫಲಾನುಭವಿ ಕುಟುಂಬಗಳಿಗೆ ಮೂರು ಅಡುಗೆ ಅನಿಲ ಸಿಲಿಂಡರ್‌ಗಳನ್ನು ಉಚಿತವಾಗಿ ಒದಗಿಸಲು ಕೇಂದ್ರ ಸರ್ಕಾರವು ಕ್ರಮ ಕೈಗೊಂಡಿತ್ತು. ಸದರಿ ನೆರವಿನ ಅವಧಿಯು ಮುಗಿದಿದ್ದು, ಅದರ ಅಡಿಯಲ್ಲಿ ಈಗ ಹೊಸದಾಗಿ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಆದಾಗ್ಯೂ ಆ ನೆರವು ಯಾರಿಗೆ ಸಂದಿತು, ಯಾವ ರೀತಿಯಲ್ಲಿ ಸಂದಿತು, ಕೆಲವರಿಗೆ ಏಕೆ ತಲುಪಲಿಲ್ಲ ಎಂಬುದನ್ನು ಅರಿತಿರುವುದು ತದನಂತರದ ಸಹಾಯಧನವನ್ನು ಪಡೆಯುವವರಿಗೂ ಅವಶ್ಯಕವಾಗಿರುತ್ತದೆ. ಏಕೆಂದರೆ ಅಂದು ಹಣ ಸಂದಾಯವಾದ ಮಾರ್ಗವೇ ಇಂದಿಗೂ ಬಳಕೆಯಲ್ಲಿದ್ದು, ಅಂದು ಎದುರಾದ ತೊಡಕುಗಳು ಇಂದಿಗೂ ಎದುರಾಗುತ್ತಿವೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಯೋಜನೆಯ ಹಿನ್ನೆಲೆ

ಪ್ರಧಾನ ಮಂತ್ರಿ ಉಜ್ವಲ ಯೋಜನೆಯು 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಾರಂಭಗೊಂಡಿತು. ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ ಠೇವಣಿರಹಿತವಾಗಿ ಅಡುಗೆ ಅನಿಲ ಸಂಪರ್ಕ ನೀಡುವುದು ಇದರ ಉದ್ದೇಶ. ಮೊದಲ ಹಂತದಲ್ಲಿ ಪ್ರತಿ ಸಂಪರ್ಕಕ್ಕೆ ರೂ. 1,600/- ಗಳನ್ನು ಕೇಂದ್ರ ಸರ್ಕಾರವು ಭರಿಸುತ್ತಿತ್ತು. ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳ ಭದ್ರತಾ ಠೇವಣಿ, ಸುರಕ್ಷಾ ಕೊಳವೆ, ಗ್ರಾಹಕರ ಪುಸ್ತಕ ಹಾಗೂ ಜೋಡಣೆಯ ವೆಚ್ಚ ಇದರಲ್ಲಿ ಅಡಕವಾಗಿತ್ತು. ಒಲೆ ಮತ್ತು ಮೊದಲ ಸಿಲಿಂಡರಿನ ಹಣವನ್ನು ಮಾತ್ರ ಫಲಾನುಭವಿಯೇ ಕೊಡಬೇಕಾಗಿತ್ತು. ಕೈಯಲ್ಲಿ ಹಣವಿಲ್ಲದವರಿಗೆ ತೈಲ ಕಂಪನಿಗಳು ಸಾಲದ ರೂಪದಲ್ಲಿ ಒದಗಿಸಿ, ಮುಂದಿನ ಸಿಲಿಂಡರ್‌ಗಳ ಸಹಾಯಧನದಿಂದ ವಸೂಲು ಮಾಡಿಕೊಳ್ಳುತ್ತಿದ್ದವು. 8 ಕೋಟಿ ಸಂಪರ್ಕಗಳ ಗುರಿಯನ್ನು 2019ರ ಸೆಪ್ಟೆಂಬರ್ ತಿಂಗಳಿನಲ್ಲಿ ತಲುಪಲಾಯಿತು.

ಸಂಪರ್ಕ ದೊರೆತ ಮಾತ್ರಕ್ಕೆ ಅಡುಗೆಮನೆಯಲ್ಲಿ ಅನಿಲದ ಒಲೆಯೇ ಉರಿಯುತ್ತದೆಂದು ಹೇಳಲಾಗದು. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು 2019ರಲ್ಲಿ ಸಲ್ಲಿಸಿದ ವರದಿಯಂತೆ, 2018ರ ಡಿಸೆಂಬರ್ ಅಂತ್ಯಕ್ಕೆ ಸಂಪರ್ಕ ಪಡೆದು ಒಂದು ವರ್ಷ ಮೀರಿದ್ದ 3.18 ಕೋಟಿ ಉಜ್ವಲ ಗ್ರಾಹಕರು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್‌ಗಳನ್ನು ಮಾತ್ರ ಕೊಂಡಿದ್ದರು. ಸೌದೆ, ಬೆರಣಿ, ತೆಂಗಿನ ಗರಿ, ಹತ್ತಿಕಟ್ಟಿಗೆಗಳನ್ನು ಸುತ್ತಮುತ್ತಲಿನಿಂದ ಸಂಗ್ರಹಿಸಿ ತರಬಹುದು. ಸಿಲಿಂಡರಿಗೆ ಒಂದೇ ಬಾರಿಗೆ ಕೈಯಿಂದ ಹಣ ಎಣಿಸಬೇಕು. ಕೂಲಿಯ ಹಣ ದಿನದ ಲೆಕ್ಕದಲ್ಲಿ ಬರುವ ಮನೆಗಳಲ್ಲಿ ಈ ವ್ಯತ್ಯಾಸವು ಸಣ್ಣದಲ್ಲ. 2020ರ ನೆರವನ್ನು ಅರ್ಥ ಮಾಡಿಕೊಳ್ಳಲು ಈ ಅಂಶವನ್ನು ನೆನಪಿನಲ್ಲಿಡುವುದು ಅಗತ್ಯ.

2020ರಲ್ಲಿ ನೆರವು ನೀಡಲಾದ ವಿಧಾನ

ದಿನಾಂಕ 26-03-2020ರಂದು, ಅಂದರೆ ಲಾಕ್‌ಡೌನ್ ಆರಂಭವಾದ ಮರುದಿನ, ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ರವರು ರೂ. 1.70 ಲಕ್ಷ ಕೋಟಿ ಮೊತ್ತದ ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಪ್ಯಾಕೇಜ್ ಅನ್ನು ಘೋಷಿಸಿದರು. ಪಡಿತರ ಚೀಟಿದಾರರಿಗೆ ತಲಾ 5 ಕಿ.ಗ್ರಾಂ ಉಚಿತ ಆಹಾರಧಾನ್ಯ, ಮಹಿಳೆಯರ ಜನ್ ಧನ್ ಖಾತೆಗಳಿಗೆ ಮೂರು ತಿಂಗಳ ಕಾಲ ತಿಂಗಳಿಗೆ ರೂ. 500/-, ಹಾಗೂ ಉಜ್ವಲ ಕುಟುಂಬಗಳಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ಸಿಲಿಂಡರ್‌ಗಳು ಇದರಲ್ಲಿ ಸೇರಿದ್ದವು. ಧಾನ್ಯವನ್ನು ಉಚಿತವಾಗಿ ಕೊಟ್ಟರೂ ಬೇಯಿಸಲು ಉರಿ ಬೇಕು. ಶಾಲೆಗಳು ಮುಚ್ಚಿ ಮಧ್ಯಾಹ್ನದ ಬಿಸಿಯೂಟ ನಿಂತು, ಮಕ್ಕಳೂ ದುಡಿಯುವವರೂ ಹಗಲಿಡೀ ಮನೆಯಲ್ಲೇ ಇದ್ದ ಆ ದಿನಗಳಲ್ಲಿ ಒಲೆಯ ಖರ್ಚು ಎಂದಿಗಿಂತ ಹೆಚ್ಚಾಗಿತ್ತು.

ಸಾಮಾನ್ಯ ದಿನಗಳಲ್ಲಿ ಅಡುಗೆ ಅನಿಲದ ಸಹಾಯಧನವು ಪಹಲ್ ಎಂಬ ಪದ್ಧತಿಯಂತೆ ಸಂದಾಯವಾಗುತ್ತದೆ. ಗ್ರಾಹಕರು ಮೊದಲು ಸಿಲಿಂಡರಿನ ಪೂರ್ಣ ಬೆಲೆಯನ್ನು ಕೊಡತಕ್ಕದ್ದು; ಸಹಾಯಧನವು ಅನಂತರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ನೇರ ವರ್ಗಾವಣೆಯ ಈ ಕ್ರಮವು 2013ರ ಜೂನ್ 1ರಂದು ಮೊಟ್ಟಮೊದಲು ಜಾರಿಗೊಂಡ ಜಿಲ್ಲೆಗಳಲ್ಲಿ ನಮ್ಮ ತುಮಕೂರು ಜಿಲ್ಲೆಯೂ ಒಂದು. 2015ರ ಜನವರಿ 1ರಿಂದ ಇದು ದೇಶದಾದ್ಯಂತ ಅನ್ವಯವಾಯಿತು. ಆದರೆ ಕೂಲಿಯೇ ನಿಂತುಹೋಗಿದ್ದ ಕಾಲದಲ್ಲಿ ಮೊದಲು ಕೊಟ್ಟು ಅನಂತರ ಪಡೆಯಿರಿ ಎಂದರೆ ನೆರವು ಕಾಗದದಲ್ಲಿಯೇ ಉಳಿಯುತ್ತಿತ್ತು. ಆದ್ದರಿಂದ ಆ ಅವಧಿಗೆ ಮಾತ್ರ ಕ್ರಮವನ್ನು ತಿರುಗಿಸಲಾಯಿತು. ಸಿಲಿಂಡರಿನ ಚಿಲ್ಲರೆ ಮಾರಾಟ ಬೆಲೆಗೆ ಸಮನಾದ ಮೊತ್ತವನ್ನು ಮುಂಗಡವಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆ ಮಾಡಿ, ಆ ಹಣದಿಂದ ಸಿಲಿಂಡರ್ ಕೊಳ್ಳುವಂತೆ ತಿಳಿಸಲಾಯಿತು. ಈ ನೆರವಿನ ತಿರುಳು ಈ ಮುಂಗಡದಲ್ಲಿಯೇ ಇತ್ತು ಎನ್ನಬಹುದು.

2020ರ ಮಾರ್ಚ್ 31ಕ್ಕೆ ಉಜ್ವಲ ಸಂಪರ್ಕ ಹೊಂದಿದ್ದವರು ಮಾತ್ರ ಇದಕ್ಕೆ ಅರ್ಹರಾಗಿದ್ದರು. 14.2 ಕಿ.ಗ್ರಾಂ ಸಿಲಿಂಡರ್ ಇದ್ದವರಿಗೆ ತಿಂಗಳಿಗೆ ಒಂದರಂತೆ ಮೂರು, 5 ಕಿ.ಗ್ರಾಂ ಸಿಲಿಂಡರ್ ಇದ್ದವರಿಗೆ ಒಟ್ಟು ಎಂಟು ಸಿಲಿಂಡರ್‌ಗಳಿಗೆ ಅವಕಾಶವಿತ್ತು. ಎರಡು ಸಿಲಿಂಡರ್‌ಗಳ ನಡುವೆ ಕನಿಷ್ಠ 15 ದಿನಗಳ ಅಂತರವಿರಬೇಕಿತ್ತು ಹಾಗೂ ನೋಂದಾಯಿತ ಮೊಬೈಲ್ ಸಂಖ್ಯೆಯಿಂದಲೇ ಬುಕಿಂಗ್ ಮಾಡಬೇಕಿತ್ತು. ಮೊದಲ ಮುಂಗಡವನ್ನು ಬಳಸಿ ಸಿಲಿಂಡರ್ ಪಡೆದ ಅನಂತರವೇ ಮುಂದಿನ ಮುಂಗಡ ಬಿಡುಗಡೆಯಾಗುತ್ತಿತ್ತು. ಆ ತಿಂಗಳುಗಳಲ್ಲಿ ಬೆಲೆಯೂ ಏರಿಳಿಯಿತು. ದೆಹಲಿಯಲ್ಲಿ 2020ರ ಏಪ್ರಿಲ್‌ನಲ್ಲಿ ರೂ. 744/- ಇದ್ದ ಸಿಲಿಂಡರ್ ಮೇ ತಿಂಗಳಲ್ಲಿ ರೂ. 581.50ಕ್ಕೆ ಇಳಿದು, ಜೂನ್‌ನಲ್ಲಿ ರೂ. 593/- ಆಯಿತು. ಬೆಲೆಯೊಂದಿಗೆ ಮುಂಗಡದ ಮೊತ್ತವೂ ಬದಲಾಗುತ್ತಿದ್ದುದರಿಂದ, ಎರಡನೆಯ ಕಂತು ಮೊದಲನೆಯದಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿತವೆಂದು ಭಾವಿಸಬೇಕಾಗಿಲ್ಲ.

ಸೋಂಕಿನ ಭಯದ ನಡುವೆಯೂ ಮನೆಮನೆಗೆ ಸಿಲಿಂಡರ್ ಹೊತ್ತು ತಂದ ವಿತರಣಾ ಸಿಬ್ಬಂದಿಯನ್ನು ಇಲ್ಲಿ ಸ್ಮರಿಸುವುದು ಉಚಿತ. ಅವರಲ್ಲಿ ಯಾರಾದರೂ ಕೋವಿಡ್-19ರಿಂದ ಮೃತಪಟ್ಟಲ್ಲಿ ಕುಟುಂಬಕ್ಕೆ ರೂ. 5 ಲಕ್ಷ ಪರಿಹಾರ ನೀಡುವುದಾಗಿ ಸಾರ್ವಜನಿಕ ವಲಯದ ತೈಲ ಕಂಪನಿಗಳು 2020ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದವು.

ಮೂರು ತಿಂಗಳ ಅವಧಿ ಏಕೆ ಸಾಲಲಿಲ್ಲ

ಸುಮಾರು 8 ಕೋಟಿ ಕುಟುಂಬಗಳಿಗೆ ತಲಾ ಮೂರರಂತೆ 24 ಕೋಟಿ ಸಿಲಿಂಡರ್‌ಗಳು ಬಳಕೆಯಾಗಬಹುದಿತ್ತು. ಆದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿತರಣೆಯಾದದ್ದು 11.97 ಕೋಟಿ. ಇದಕ್ಕೆ ಫಲಾನುಭವಿಗಳ ನಿರ್ಲಕ್ಷ್ಯವೇ ಕಾರಣವೆಂದು ತಿಳಿಯುವುದು ಸರಿಯಲ್ಲ. 2019-20ರಲ್ಲಿ ಉಜ್ವಲ ಕುಟುಂಬವೊಂದರ ಸರಾಸರಿ ಬಳಕೆ ವರ್ಷಕ್ಕೆ 3.01 ಸಿಲಿಂಡರ್ ಆಗಿತ್ತು. ವರ್ಷಕ್ಕೆ ಮೂರು ಸಿಲಿಂಡರ್ ಬಳಸುವ ಮನೆಗೆ ಮೂರೇ ತಿಂಗಳಲ್ಲಿ ಮೂರು ಸಿಲಿಂಡರ್ ಕೊಳ್ಳಲು ಹೇಳಿದಂತಾಯಿತು. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಸಿಲಿಂಡರ್. ಅದು ಬರಿದಾಗದೆ ಇನ್ನೊಂದನ್ನು ಪಡೆಯುವಂತಿಲ್ಲ. ಕಡಿಮೆ ಉರಿಸುವವರಿಗೆ ಅವಕಾಶವೂ ಕಡಿಮೆಯಾಗುವ ವಿಚಿತ್ರ ಸ್ಥಿತಿ ಇದು.

ಈ ಸ್ಥಿತಿಯನ್ನು ಗಮನಿಸಿ ಕೇಂದ್ರ ಸಚಿವ ಸಂಪುಟವು ದಿನಾಂಕ 08-07-2020ರಂದು, ಮುಂಗಡ ಜಮೆಯಾಗಿದ್ದರೂ ಸಿಲಿಂಡರ್ ಕೊಳ್ಳಲಾಗದವರಿಗೆ ಜುಲೈ 1ರಿಂದ ಮತ್ತೆ ಮೂರು ತಿಂಗಳ ಕಾಲಾವಕಾಶ ನೀಡಿತು. ಯೋಜನೆಯ ಅಂತ್ಯಕ್ಕೆ ಒಟ್ಟು ರೂ. 9,670.41 ಕೋಟಿ ವರ್ಗಾವಣೆಯಾಗಿ, 14.17 ಕೋಟಿ ಸಿಲಿಂಡರ್‌ಗಳನ್ನು ಫಲಾನುಭವಿಗಳು ಪಡೆದರು. ಸರಾಸರಿ ನೋಡಿದಲ್ಲಿ ಕುಟುಂಬಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಘೋಷಣೆಯಲ್ಲಿ ಮೂರು ಎಂದಿದ್ದರೂ ತಮಗೆ ಒಂದೋ ಎರಡೋ ದೊರೆತದ್ದೇಕೆ ಎಂದು ಕೇಳುವವರಿಗೆ ಮೇಲ್ಕಂಡ ವಿವರಣೆಯೇ ಉತ್ತರ. ಬಳಸದೆ ಉಳಿದ ಸಿಲಿಂಡರ್‌ಗಳಿಗೆ ಈಗ ಯಾವುದೇ ಬಾಕಿ ಸಂದಾಯವಿರುವುದಿಲ್ಲ.

ಬಿಪಿಎಲ್ ಪಡಿತರ ಚೀಟಿ ಇದ್ದ ಎಲ್ಲರಿಗೂ ಈ ನೆರವು ಅನ್ವಯಿಸಿರಲಿಲ್ಲ ಎಂಬುದನ್ನೂ ಸ್ಪಷ್ಟಪಡಿಸಲಾಗಿದೆ. ಸ್ವಂತ ಹಣದಿಂದ ಠೇವಣಿ ಕಟ್ಟಿ ಅನಿಲ ಸಂಪರ್ಕ ಪಡೆದಿದ್ದ ಬಡ ಕುಟುಂಬಗಳು ಇದರ ವ್ಯಾಪ್ತಿಗೆ ಬರಲಿಲ್ಲ. ನೆರೆಮನೆಯವರಿಗೆ ಬಂದದ್ದು ತಮಗೇಕೆ ಬರಲಿಲ್ಲವೆಂಬ ದೂರಿಗೆ ಅನೇಕ ಸಂದರ್ಭಗಳಲ್ಲಿ ಇದೇ ಕಾರಣವಾಗಿರುತ್ತದೆ.

ಹಣ ಯಾವ ಖಾತೆಗೆ ಜಮೆಯಾಗುತ್ತದೆ

ಫಲಾನುಭವಿಗಳು ಅತಿ ಹೆಚ್ಚು ಗಮನ ಹರಿಸಬೇಕಾದ ವಿಷಯವಿದು. ಅನಿಲ ಸಂಪರ್ಕಕ್ಕೆ ಅರ್ಜಿ ಕೊಡುವಾಗ ಒಂದು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಯನ್ನು ಲಗತ್ತಿಸಲಾಗಿರುತ್ತದೆ. ಹಣವು ಸದಾ ಅದೇ ಖಾತೆಗೆ ಬರುತ್ತದೆಂದು ಬಹುತೇಕರು ನಂಬಿರುತ್ತಾರೆ. ಆಧಾರ್ ಮೂಲಕ ಸಹಾಯಧನ ಪಡೆಯುವವರ ವಿಷಯದಲ್ಲಿ ಇದು ನಿಜವಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಆ ಆಧಾರ್ ಸಂಖ್ಯೆಯು ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಯಾವ ಬ್ಯಾಂಕಿನೊಂದಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹಣ ಹೋಗುತ್ತದೆ. ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕಿನ ಜೋಡಣೆ ಸಾಧ್ಯ. ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಹಿಂದಿನದನ್ನು ತೆಗೆದುಹಾಕಿ ತಾನು ನಿಲ್ಲುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಮಹಿಳೆಯೊಬ್ಬರು ಗ್ರಾಮೀಣ ಬ್ಯಾಂಕಿನಲ್ಲಿ ಜನ್ ಧನ್ ಖಾತೆ ಹೊಂದಿದ್ದು, ಅದನ್ನೇ ಗ್ಯಾಸ್ ಏಜೆನ್ಸಿಗೆ ಕೊಟ್ಟಿರುತ್ತಾರೆ. ಮುಂದೆ ಸ್ವಸಹಾಯ ಸಂಘದ ಸಾಲಕ್ಕಾಗಿಯೋ, ಮಗಳ ವಿದ್ಯಾರ್ಥಿವೇತನದ ನಿಮಿತ್ತವೋ, ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕಿನಲ್ಲಿಯೋ ಮತ್ತೊಂದು ಖಾತೆ ತೆರೆದು, ಆಧಾರ್ ಜೋಡಣೆಗೆ ಸಮ್ಮತಿ ನೀಡಿರುತ್ತಾರೆ. ಅಂದಿನಿಂದ ಸಹಾಯಧನವು ಹೊಸ ಖಾತೆಗೆ ಹೋಗತೊಡಗುತ್ತದೆ. ಅವರು ಹಳೆಯ ಪಾಸ್‌ಪುಸ್ತಕವನ್ನು ಹಿಡಿದು ಬ್ಯಾಂಕಿಗೂ ಏಜೆನ್ಸಿಗೂ ಅಲೆಯುತ್ತಾರೆ. ಏಜೆನ್ಸಿಯ ಗಣಕದಲ್ಲಿ ಹಣ ಸಂದಾಯವಾಗಿದೆ ಎಂದು ತೋರುತ್ತದೆ, ಬ್ಯಾಂಕಿನಲ್ಲಿ ಬಂದಿಲ್ಲ ಎನ್ನುತ್ತಾರೆ, ಇಬ್ಬರ ಮಾತೂ ನಿಜವಾಗಿರುತ್ತದೆ. 2020ರ ಏಪ್ರಿಲ್‌ನಲ್ಲಿ ಇಂತಹ ಗೊಂದಲದ ಬೆಲೆ ದೊಡ್ಡದಾಗಿತ್ತು. ಮುಂಗಡ ಎಲ್ಲಿ ಜಮೆಯಾಯಿತೆಂದು ತಿಳಿಯದವರು ಮೊದಲ ಸಿಲಿಂಡರನ್ನೇ ಕೊಳ್ಳಲಾಗದೆ ಉಳಿದರೆ ಮುಂದಿನ ಕಂತೂ ಬರುತ್ತಿರಲಿಲ್ಲ.

ಆ ತಿಂಗಳಿನ ಮತ್ತೊಂದು ತೊಡಕನ್ನೂ ಹೇಳಬೇಕು. ಜನ್ ಧನ್‌ನ ರೂ. 500/- ಹಾಗೂ ಸಿಲಿಂಡರಿನ ಮುಂಗಡ ಕೆಲವೇ ದಿನಗಳ ಅಂತರದಲ್ಲಿ ಒಂದೇ ಖಾತೆಗೆ ಬೀಳುವ ಸಾಧ್ಯತೆ ಇತ್ತು. ಬ್ಯಾಂಕುಗಳ ಮುಂದೆ ಜನಸಂದಣಿ ತಪ್ಪಿಸಲು ಖಾತೆ ಸಂಖ್ಯೆಯ ಕೊನೆಯ ಅಂಕಿಯನ್ನು ನೋಡಿ ಏಪ್ರಿಲ್ 3ರಿಂದ 9ರವರೆಗೆ ದಿನಗಳನ್ನು ಹಂಚಲಾಗಿತ್ತು. ಯಾವ ಹಣ ಯಾವುದಕ್ಕೆ ಎಂಬ ತಿಳಿವಳಿಕೆ ಇಲ್ಲದೆ ಇಡೀ ಮೊತ್ತವನ್ನು ತೆಗೆದು ಮನೆಖರ್ಚಿಗೆ ಬಳಸಿದರೆ, ಸಿಲಿಂಡರ್ ಮನೆಗೆ ಬಂದಾಗ ಕೈ ಬರಿದಾಗಿರುತ್ತಿತ್ತು. ಹಸಿದ ಮನೆಯಲ್ಲಿ ಅಂತಹ ನಿರ್ಧಾರವನ್ನು ತಪ್ಪೆಂದು ಹೇಳಲು ಬರುವುದಿಲ್ಲ. ಆದರೆ ಮಾಹಿತಿ ಸಕಾಲದಲ್ಲಿ ತಲುಪಿದ್ದರೆ ಮುಂದಿನ ಎರಡು ಸಿಲಿಂಡರ್‌ಗಳ ಅವಕಾಶ ಉಳಿಯುತ್ತಿತ್ತು.

ತಮ್ಮ ಆಧಾರ್ ಸಂಖ್ಯೆಯು ಪ್ರಸ್ತುತ ಯಾವ ಬ್ಯಾಂಕಿನೊಂದಿಗೆ ಜೋಡಣೆಯಾಗಿದೆ ಎಂಬುದನ್ನು ವಿಶಿಷ್ಟ ಗುರುತಿನ ಪ್ರಾಧಿಕಾರದ ಮೈ ಆಧಾರ್ ಜಾಲತಾಣದಲ್ಲಿ, ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ವಿಭಾಗದಲ್ಲಿ ಉಚಿತವಾಗಿ ನೋಡಬಹುದು. ಇದಕ್ಕೆ ಆಧಾರ್‌ಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಜೋಡಣೆಯನ್ನು ಬದಲಿಸಬೇಕಾದಲ್ಲಿ, ಹಣ ಯಾವ ಬ್ಯಾಂಕಿಗೆ ಬರಬೇಕೋ ಆ ಬ್ಯಾಂಕಿನ ಶಾಖೆಗೆ ಆಧಾರ್ ಪ್ರತಿಯೊಂದಿಗೆ ತೆರಳಿ, ಸರ್ಕಾರದ ಸೌಲಭ್ಯಗಳ ಜಮೆಗಾಗಿ ಆಧಾರ್ ಜೋಡಿಸಲು ಸಮ್ಮತಿ ಪತ್ರವನ್ನು ನೀಡತಕ್ಕದ್ದು. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಬೇರೆ, ಸೌಲಭ್ಯ ಜಮೆಗಾಗಿ ಜೋಡಿಸುವುದು ಬೇರೆ. ಮೊದಲನೆಯದು ಆಗಿದ್ದು ಎರಡನೆಯದು ಆಗಿರದ ಖಾತೆಗಳು ಹಲವು. ಶಾಖೆಯಲ್ಲಿ ಈ ವ್ಯತ್ಯಾಸವನ್ನು ಹೇಳಿಯೇ ಕೇಳಬೇಕು.

ಆಧಾರ್ ಮೂಲಕ ಬೇಡವೆನ್ನುವವರು ಬ್ಯಾಂಕ್ ಖಾತೆ ಸಂಖ್ಯೆ ಮತ್ತು 17 ಅಂಕಿಗಳ ಎಲ್‌ಪಿಜಿ ಗುರುತು ಸಂಖ್ಯೆಯನ್ನು ನೀಡಿ ನೇರವಾಗಿ ಖಾತೆಗೆ ಪಡೆಯುವ ಕ್ರಮವೂ ಪಹಲ್‌ನಲ್ಲಿ ಇರುತ್ತದೆ. ವಿವರಗಳನ್ನು ತಮ್ಮ ವಿತರಕರಲ್ಲಿ ಪಡೆಯಬಹುದು.

2020ರ ನಂತರದ ಸಹಾಯಧನ

2020ರ ಮೇ ತಿಂಗಳ ನಂತರ, ಮಾರುಕಟ್ಟೆ ದರ ಮತ್ತು ಸಹಾಯಧನದ ದರಗಳ ನಡುವಿನ ಅಂತರ ಇಲ್ಲವಾದ ಕಾರಣ, ಸಾಮಾನ್ಯ ಗ್ರಾಹಕರ ಖಾತೆಗೆ ಸಹಾಯಧನ ಬರುವುದು ಬಹುಮಟ್ಟಿಗೆ ನಿಂತಿತು. ತರುವಾಯ ಬೆಲೆ ಏರಿದಾಗ ಉಜ್ವಲ ಕುಟುಂಬಗಳಿಗೆ ಮಾತ್ರ 2022ರ ಮೇ 21ರಿಂದ ಪ್ರತಿ 14.2 ಕಿ.ಗ್ರಾಂ ಸಿಲಿಂಡರಿಗೆ ರೂ. 200/- ರಂತೆ, ವರ್ಷಕ್ಕೆ 12 ಸಿಲಿಂಡರ್‌ಗಳವರೆಗೆ ಸಹಾಯಧನ ಮಂಜೂರಾಯಿತು. 2023ರ ಅಕ್ಟೋಬರ್‌ನಲ್ಲಿ ಇದನ್ನು ರೂ. 300/- ಕ್ಕೆ ಏರಿಸಲಾಯಿತು. 2025-26ನೇ ಸಾಲಿಗೆ ರೂ. 300/- ರ ದರವನ್ನು ಮುಂದುವರಿಸಿ, ಸಿಲಿಂಡರ್‌ಗಳ ಮಿತಿಯನ್ನು 9ಕ್ಕೆ ಇಳಿಸಲಾಯಿತು, ಇದಕ್ಕಾಗಿ ರೂ. 12,000 ಕೋಟಿಗೆ ಕೇಂದ್ರ ಸಚಿವ ಸಂಪುಟವು 2025ರ ಆಗಸ್ಟ್‌ನಲ್ಲಿ ಅನುಮೋದನೆ ನೀಡಿತು. 5 ಕಿ.ಗ್ರಾಂ ಸಿಲಿಂಡರಿಗೆ ಇದೇ ಪ್ರಮಾಣದಲ್ಲಿ ಕಡಿಮೆ ಮೊತ್ತ ದೊರೆಯುತ್ತದೆ. ದರ ಹಾಗೂ ಮಿತಿಯನ್ನು ಆರ್ಥಿಕ ವರ್ಷವಾರು ನಿಗದಿಪಡಿಸಲಾಗುತ್ತಿದ್ದು, ಚಾಲ್ತಿ ವರ್ಷದ ದರವನ್ನು ವಿತರಕರಲ್ಲಿ ಖಚಿತಪಡಿಸಿಕೊಳ್ಳುವುದು.

ಈ ಸಹಾಯಧನ ಮುಂಗಡವಲ್ಲ ಎಂಬುದನ್ನು ಗಮನಿಸತಕ್ಕದ್ದು. 2025ರ ಏಪ್ರಿಲ್ 8ರ ದರದಂತೆ ದೆಹಲಿಯಲ್ಲಿ ಸಿಲಿಂಡರಿಗೆ ರೂ. 853/- ಇದ್ದು, ಉಜ್ವಲ ಗ್ರಾಹಕರಿಗೆ ರೂ. 553/- ಬೀಳುತ್ತದೆಂದು ಪ್ರಕಟವಾಗಿತ್ತು. ಆದರೆ ಬಾಗಿಲಲ್ಲಿ ಎಣಿಸಿಕೊಡಬೇಕಾದದ್ದು ಪೂರ್ಣ ಬೆಲೆಯೇ. ಉಳಿದ ರೂ. 300/- ಅನಂತರ ಖಾತೆಗೆ ಬರುತ್ತದೆ. ಜಾಹೀರಾತಿನ ಕಡಿಮೆ ಬೆಲೆಯನ್ನು ನೋಡಿ ಅಷ್ಟೇ ಹಣ ಇಟ್ಟುಕೊಂಡು ವಿತರಣಾ ಸಿಬ್ಬಂದಿಯೊಡನೆ ವಾದಿಸುವ ಪ್ರಸಂಗಗಳನ್ನು ತಪ್ಪಿಸಲು ಇದನ್ನು ತಿಳಿಸಲಾಗಿದೆ. ಉಜ್ವಲ ಕುಟುಂಬಗಳ ಸರಾಸರಿ ಬಳಕೆ 2021-22ರಲ್ಲಿ 3.68, 2024-25ರಲ್ಲಿ 4.47 ಸಿಲಿಂಡರ್‌ಗಳಿಗೆ ಏರಿದೆ. ಏರಿಕೆ ನಿಜವಾದರೂ ಒಂಬತ್ತರ ಮಿತಿಗೆ ಅದು ಇನ್ನೂ ದೂರ. ಬಹಳಷ್ಟು ಮನೆಗಳಿಗೆ ಅಡ್ಡಿಯಾಗಿರುವುದು ಮಿತಿಯಲ್ಲ, ಒಂದೇ ಬಾರಿಗೆ ಕೊಡಬೇಕಾದ ಮೊತ್ತ.

ಪೂರ್ಣ ಬೆಲೆ ಒಮ್ಮೆಗೇ ಹೊಂದಿಸಲಾಗದ ಉಜ್ವಲ ಫಲಾನುಭವಿಗಳು ತಮ್ಮ 14.2 ಕಿ.ಗ್ರಾಂ ಸಿಲಿಂಡರನ್ನು 5 ಕಿ.ಗ್ರಾಂ ಸಿಲಿಂಡರಿಗೆ ಬದಲಾಯಿಸಿಕೊಳ್ಳುವ ಅವಕಾಶವಿದೆ. ಸಣ್ಣ ಸಿಲಿಂಡರ್ ಬೇಗ ಮುಗಿಯುತ್ತದೆ, ಬುಕಿಂಗ್ ಹೆಚ್ಚು ಬಾರಿ ಮಾಡಬೇಕಾಗುತ್ತದೆ. ಆದರೂ ವಾರದ ಕೂಲಿಯಲ್ಲಿ ಅದನ್ನು ಕೊಳ್ಳಬಹುದು. ಗುಡ್ಡಗಾಡಿನ ಹಾದಿಗಳಲ್ಲಿ ಹೊತ್ತೊಯ್ಯಲೂ ಸುಲಭ. ಈ ಸೌಲಭ್ಯವನ್ನು ಕೇಳಿ ಪಡೆಯುವವರ ಸಂಖ್ಯೆ ಇನ್ನೂ ಹೆಚ್ಚಬೇಕಾಗಿದೆ.

ಸಹಾಯಧನ ತಡೆಯಿಲ್ಲದೆ ಬರಲು ಆಧಾರ್ ಬಯೋಮೆಟ್ರಿಕ್ ದೃಢೀಕರಣ, ಅಂದರೆ ಇ-ಕೆವೈಸಿ, ಮಾಡಿಸಿರಬೇಕು. ಇದನ್ನು ವಿತರಕರ ಕಛೇರಿಯಲ್ಲಿ ಅಥವಾ ತೈಲ ಕಂಪನಿಯ ಮೊಬೈಲ್ ತಂತ್ರಾಂಶದ ಮೂಲಕ ಮಾಡಿಸಬಹುದು. ಇದಕ್ಕೆ ಶುಲ್ಕವಿರುವುದಿಲ್ಲ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ ಹಾಜರಿರಬೇಕು.

ಹೊಸ ಉಜ್ವಲ ಸಂಪರ್ಕಕ್ಕೆ ಅರ್ಜಿ

ಯೋಜನೆಯ ಎರಡನೇ ಹಂತವಾದ ಉಜ್ವಲ 2.0ಕ್ಕೆ 2021ರ ಆಗಸ್ಟ್ 10ರಂದು ಚಾಲನೆ ನೀಡಲಾಯಿತು. ಇದರಲ್ಲಿ ಮೊದಲ ಸಿಲಿಂಡರ್ ಹಾಗೂ ಒಲೆಯನ್ನೂ ಉಚಿತವಾಗಿ ನೀಡಲಾಗುತ್ತದೆ. ಹೊಸ ಸಂಪರ್ಕಗಳು ಕೇಂದ್ರ ಸರ್ಕಾರವು ಕಾಲಕಾಲಕ್ಕೆ ಮಂಜೂರು ಮಾಡುವ ಸಂಖ್ಯೆಗೆ ಒಳಪಟ್ಟಿರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ 75 ಲಕ್ಷ, 2025ರ ಸೆಪ್ಟೆಂಬರ್‌ನಲ್ಲಿ 25 ಲಕ್ಷ ಹೆಚ್ಚುವರಿ ಸಂಪರ್ಕಗಳಿಗೆ ಮಂಜೂರಾತಿ ದೊರೆತಿತ್ತು. ಆದ್ದರಿಂದ ಅರ್ಹತೆ ಇದ್ದರೂ ಅರ್ಜಿ ಸಲ್ಲಿಸಿದ ಕೂಡಲೇ ಸಂಪರ್ಕ ದೊರೆಯುತ್ತದೆಂಬ ಖಾತರಿ ಇರುವುದಿಲ್ಲ.

ಅರ್ಜಿದಾರರು 18 ವರ್ಷ ತುಂಬಿದ, ಬಡ ಕುಟುಂಬಕ್ಕೆ ಸೇರಿದ ಮಹಿಳೆಯಾಗಿರಬೇಕು. ಕುಟುಂಬದ ಯಾವುದೇ ಸದಸ್ಯರ ಹೆಸರಿನಲ್ಲಿ, ಯಾವುದೇ ಕಂಪನಿಯ ಅನಿಲ ಸಂಪರ್ಕ ಇರಕೂಡದು. ಇಲ್ಲಿ ಕುಟುಂಬವೆಂದರೆ ಒಂದೇ ಅಡುಗೆಮನೆಯನ್ನು ಹಂಚಿಕೊಂಡು ಒಟ್ಟಿಗೆ ವಾಸಿಸುವ ಗಂಡ, ಹೆಂಡತಿ, ಅವಿವಾಹಿತ ಮಕ್ಕಳು ಹಾಗೂ ಅವಲಂಬಿತ ತಂದೆ ತಾಯಿ. ಅತ್ತೆಯ ಹೆಸರಿನಲ್ಲಿ ಸಂಪರ್ಕವಿದ್ದು, ಸೊಸೆ ಅದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರೆ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಬೇರೆ ಮನೆ ಹೂಡಿದ್ದಲ್ಲಿ ಪಡಿತರ ಚೀಟಿಯಲ್ಲಿಯೂ ಅದು ಪ್ರತಿಫಲಿಸಿರಬೇಕು.

ಅರ್ಜಿಯನ್ನು ಹತ್ತಿರದ ಅನಿಲ ವಿತರಕರಲ್ಲಿ ಅಥವಾ ಉಜ್ವಲ ಯೋಜನೆಯ ಜಾಲತಾಣದ ಮೂಲಕ ಸಲ್ಲಿಸಬೇಕು. ತಾಲ್ಲೂಕು ಕಛೇರಿಯಲ್ಲಿ ಅಥವಾ ನ್ಯಾಯಬೆಲೆ ಅಂಗಡಿಯಲ್ಲಿ ಇದನ್ನು ಸಲ್ಲಿಸುವಂತಿಲ್ಲ. ಪಡಿತರ ಚೀಟಿಯ ತಿದ್ದುಪಡಿಗೆ ಮಾತ್ರ ಆಹಾರ ಇಲಾಖೆಯನ್ನು ಸಂಪರ್ಕಿಸುವುದು. ಭರ್ತಿ ಮಾಡಿದ ಕೆವೈಸಿ ನಮೂನೆ, ಪಡಿತರ ಚೀಟಿ, ಅರ್ಜಿದಾರರ ಮತ್ತು ಚೀಟಿಯಲ್ಲಿರುವ ವಯಸ್ಕ ಸದಸ್ಯರ ಆಧಾರ್, ಬ್ಯಾಂಕ್ ಖಾತೆಯ ವಿವರ ಹಾಗೂ ಬಡತನದ ಬಗ್ಗೆ ನಿಗದಿತ ಸ್ವಯಂ ಘೋಷಣೆಯನ್ನು ಲಗತ್ತಿಸಬೇಕು. ಕೆಲಸ ಅರಸಿ ಬೇರೆ ಊರಿಗೆ ಬಂದು ನೆಲೆಸಿರುವ ವಲಸೆ ಕುಟುಂಬಗಳು ಅಲ್ಲಿನ ಪಡಿತರ ಚೀಟಿ ಮತ್ತು ವಿಳಾಸದ ಪುರಾವೆಗೆ ಬದಲಾಗಿ ಸ್ವಯಂ ಘೋಷಣೆಯನ್ನೇ ಸಲ್ಲಿಸಬಹುದೆಂಬುದು ಉಜ್ವಲ 2.0ರ ಮುಖ್ಯ ಸಡಿಲಿಕೆ. ಕಟ್ಟಡ ಕಾರ್ಮಿಕರು, ಕಾಫಿ ತೋಟದ ಕೆಲಸಗಾರರು, ಇಟ್ಟಿಗೆ ಗೂಡಿನವರು ಇದನ್ನು ಗಮನಿಸುವುದು.

ವಿದ್ಯುತ್ ಬಿಲ್ಲಿನ ಬಗ್ಗೆ

ವಿದ್ಯುತ್ ಶುಲ್ಕವು ಉಜ್ವಲ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಗೃಹಬಳಕೆಯ ವಿದ್ಯುತ್ತಿಗೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೊಂಡಿದ್ದು, ತಿಂಗಳಿಗೆ 200 ಯೂನಿಟ್ ಮೇಲ್ಮಿತಿಗೆ ಒಳಪಟ್ಟು, 2022-23ನೇ ಸಾಲಿನ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟು ಹೆಚ್ಚುವರಿಯೊಂದಿಗೆ ಪ್ರತಿ ಮನೆಯ ಅರ್ಹ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ನೀಡಲು 2024ರಲ್ಲಿ ತೀರ್ಮಾನಿಸಲಾಯಿತು. ಅರ್ಹ ಪ್ರಮಾಣವನ್ನು ಮೀರಿ 200ರೊಳಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕೊಡಬೇಕು. 200 ಮೀರಿದರೆ ಪೂರ್ಣ ಬಿಲ್ಲು ಅನ್ವಯಿಸುತ್ತದೆ. ಬಾಡಿಗೆದಾರರೂ ಆರ್.ಆರ್. ಸಂಖ್ಯೆಯನ್ನು ನೀಡಿ ಸೇವಾ ಸಿಂಧು ಮೂಲಕ ನೋಂದಾಯಿಸಿಕೊಳ್ಳಬಹುದು. ಮನೆ ಬದಲಿಸುವವರು ಹಳೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ಮೊದಲು ತೆಗೆಸಿಕೊಳ್ಳಬೇಕು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: 2020ರ ಮೂರು ಸಿಲಿಂಡರ್‌ಗಳಲ್ಲಿ ಒಂದನ್ನು ಮಾತ್ರ ಪಡೆದಿದ್ದೇನೆ. ಉಳಿದ ಎರಡಕ್ಕೆ ಈಗ ಅರ್ಜಿ ಹಾಕಬಹುದೇ?
ಉತ್ತರ: ಇಲ್ಲ. ಸದರಿ ಯೋಜನೆಯ ಅವಧಿ ಮುಗಿದಿರುತ್ತದೆ. ಬಾಕಿ ಹಣ ಕೊಡಿಸುವುದಾಗಿ ಹೇಳಿ ಯಾರಾದರೂ ದೂರವಾಣಿಯಲ್ಲಿ ಆಧಾರ್, ಖಾತೆ ಸಂಖ್ಯೆ ಅಥವಾ ಒಟಿಪಿ ಕೇಳಿದಲ್ಲಿ ಕೊಡಬಾರದು.

ಪ್ರಶ್ನೆ: ಏಜೆನ್ಸಿಯವರು ಸಹಾಯಧನ ಜಮೆಯಾಗಿದೆ ಎನ್ನುತ್ತಾರೆ, ಪಾಸ್‌ಪುಸ್ತಕದಲ್ಲಿ ಇಲ್ಲ. ಏನು ಮಾಡಬೇಕು?
ಉತ್ತರ: ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಪರಿಶೀಲಿಸಿ, ಆ ಬ್ಯಾಂಕಿನ ಪಾಸ್‌ಪುಸ್ತಕವನ್ನು ನಮೂದು ಮಾಡಿಸಿ ನೋಡಿ. ಹಣ ಬೇರೆ ಖಾತೆಯಲ್ಲಿದ್ದರೆ ಅದು ತಮ್ಮದೇ ಹಣ, ಅಲ್ಲಿಂದಲೇ ತೆಗೆಯಬಹುದು.

ಪ್ರಶ್ನೆ: ಸಂಪರ್ಕ ನನ್ನ ಹೆಸರಿನಲ್ಲಿದೆ. ಸಹಾಯಧನ ಪತಿಯ ಖಾತೆಗೆ ಬರುವಂತೆ ಮಾಡಬಹುದೇ?
ಉತ್ತರ: ಉಜ್ವಲ ಸಂಪರ್ಕವು ಮಹಿಳೆಯ ಹೆಸರಿನಲ್ಲಿರುವುದರಿಂದ ಸಹಾಯಧನವೂ ಅವರ ಖಾತೆಗೇ ಬರಬೇಕೆಂಬುದು ಯೋಜನೆಯ ಆಶಯ. ಸ್ವಂತ ಖಾತೆ ಇಲ್ಲದವರು ಶೂನ್ಯ ಠೇವಣಿಯ ಜನ್ ಧನ್ ಖಾತೆ ತೆರೆಯಬಹುದು.

ಪ್ರಶ್ನೆ: ಬಹಳ ದಿನಗಳಿಂದ ಸಿಲಿಂಡರ್ ತೆಗೆದುಕೊಂಡಿಲ್ಲ. ಸಂಪರ್ಕ ರದ್ದಾಗಿರಬಹುದೇ?
ಉತ್ತರ: ಗ್ರಾಹಕರ ಪುಸ್ತಕ ಮತ್ತು ಆಧಾರ್‌ನೊಂದಿಗೆ ವಿತರಕರನ್ನು ಕಂಡು ಸ್ಥಿತಿಯನ್ನು ತಿಳಿದುಕೊಳ್ಳುವುದು. ಇ-ಕೆವೈಸಿ ಬಾಕಿ ಇದ್ದಲ್ಲಿ ಅಂದೇ ಮಾಡಿಸುವುದು ಸೂಕ್ತ.

ಪ್ರಶ್ನೆ: ವಿತರಣಾ ಸಿಬ್ಬಂದಿ ರಶೀದಿಗಿಂತ ಹೆಚ್ಚು ಹಣ ಕೇಳುತ್ತಾರೆ. ಕೊಡಬೇಕೇ?
ಉತ್ತರ: ರಶೀದಿಯಲ್ಲಿ ನಮೂದಾದ ಮೊತ್ತವನ್ನು ಮಾತ್ರ ಕೊಡತಕ್ಕದ್ದು. ದೂರುಗಳಿದ್ದಲ್ಲಿ ಈ ಕೆಳಗಿನ ಸಂಖ್ಯೆಗಳಿಗೆ ತಿಳಿಸುವುದು.

ಸಹಾಯವಾಣಿ

ಉಜ್ವಲ ಯೋಜನೆ: 1800-266-6696. ಅಡುಗೆ ಅನಿಲ ಗ್ರಾಹಕರ ದೂರುಗಳು: 1800-233-3555. ಪಡಿತರ ಚೀಟಿ: 1967. ವಿದ್ಯುತ್: 1912. ಅನಿಲ ಸೋರಿಕೆಯ ತುರ್ತು ಸಂದರ್ಭದಲ್ಲಿ ದಿನದ 24 ಗಂಟೆಯೂ 1906. ದೂರು ನೀಡಿದಾಗ ದೊರೆಯುವ ನೋಂದಣಿ ಸಂಖ್ಯೆಯನ್ನು ಗ್ರಾಹಕರ ಪುಸ್ತಕದ ಮೇಲೆಯೇ ಬರೆದಿಟ್ಟುಕೊಳ್ಳಲು ಕೋರಲಾಗಿದೆ.